ಕರಣೆ ಕೊಟ್ಟ ಹುಡುಗ

ಕೂಳೂರು ಹತ್ತಿರದ ಒಂದು ಸೈಟಿನಲ್ಲಿ ನಾನು ಸೂಪರ್‌ವೈಸರ್. ಮಂಗಳೂರಿನ ಜುಲೈ ಗೊತ್ತಲ್ಲ? ಹೊರಗಿನ ಸಾರಣೆ ನಿಲ್ಲುತ್ತದೆ, ಸ್ಲ್ಯಾಬ್ ಮುಂದಕ್ಕೆ ಹೋಗುತ್ತದೆ. ಕೆಲಸ ಇಲ್ಲದ ದಿನ ಕೂಲಿಯೂ ಇಲ್ಲ. ಶೆಡ್ಡಿನಲ್ಲಿ ಸುಮ್ನೆ ಕೂತವರಿಗೆ ಫೋನು, ಎಣ್ಣೆ, ಊರಿನ ಸಾಲದ ಯೋಚನೆ.

ಕೊಪ್ಪಳ ಕಡೆಯ ಗಾರೆ ಕೆಲಸದ ಹುಡುಗನೊಬ್ಬ ಊಟಕ್ಕೆ ಬರುವುದು ಬಿಟ್ಟಿದ್ದ. ಊರು ನೆನಪಾಗಿರಬೇಕು ಅಂದುಕೊಂಡು ನಾನು ಸುಮ್ಮನಾದೆ. ಅದೇ ತಪ್ಪು. ಒಂದು ಸಂಜೆ ಗಾರೆ ಮೆತ್ತುವ ಅವನ ಕರಣೆ ಇನ್ನೊಬ್ಬನ ಕೈಯಲ್ಲಿತ್ತು. "ಇನ್ನ ನನಗ ಬ್ಯಾಡ ಅಂತ ಕೊಟ್ಟಾನ್ರೀ" ಅಂದ. ಗಾರೆಯವನು ತನ್ನ ಕರಣೆಯನ್ನು ತಮ್ಮನಿಗೂ ಕೊಡುವುದಿಲ್ಲ. ನನಗೆ ಎದೆ ಧಸಕ್ ಅಂತು.

ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಒಂದು ತರಬೇತಿಯಲ್ಲಿ ಹೇಳಿದ್ದರು. ಹೇಳುವುದು ಸುಲಭ. ಚಾಕ್ಕೆ ಕರೆದುಕೊಂಡು ಹೋಗಿ ಎರಡು ಸಲ ಮಳೆ ವಿಷಯ ಮಾತಾಡಿದೆ. ಆಮೇಲೆ ಕೇಳಿಯೇ ಬಿಟ್ಟೆ: "ಸಾಯಬೇಕು ಅನ್ನಿಸ್ತಿದೆಯಾ ತಮ್ಮಾ?"

ಅವನು ಲೋಟ ಕೆಳಗಿಟ್ಟ. "ಹೌದ್ರೀ ಸರ. ನಾಕ್ ದಿನದಿಂದ ಅದ ತಲ್ಯಾಗ ಐತ್ರಿ."

ಅವ್ವನ ಮುಖ ನೆನೆಸಿಕೋ ಅಂತ ಬುದ್ಧಿ ಹೇಳಲು ಬಾಯಿ ತೆರೆದಿದ್ದೆ. ನುಂಗಿಕೊಂಡೆ. ಅವನೇ ಹೇಳುತ್ತಾ ಹೋದ. ತಂಗಿ ಮದುವೆಯ ಕೈಸಾಲ, ತಿಂಗಳ ಬಡ್ಡಿ, ಮೇಲೆ ಮೇಸ್ತ್ರಿ ಕೊಟ್ಟ ಮುಂಗಡ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ರಾತ್ರಿ ಅವನ ಊರಿನವನೇ ಪಕ್ಕದಲ್ಲಿ ಮಲಗಿದ. ಬೆಳಿಗ್ಗೆ ವೆನ್‌ಲಾಕ್ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. "ಹುಚ್ಚರ ಡಾಕ್ಟರ್ ಏನ್ರೀ?" ಅಂದ. "ನಿದ್ದೆ ಬರಲ್ಲ ಅಂದೆಯಲ್ಲ, ಅದಕ್ಕೂ ಅವರೇ" ಅಂದೆ. ಕೆಲವು ವಾರ ಮೇಲಿನ ಮಹಡಿಗೆ ಕಳಿಸಲಿಲ್ಲ. ಕೆಳಗೆ ಸಿಮೆಂಟ್ ಚೀಲದ ಲೆಕ್ಕ ಕೊಟ್ಟೆ.

ಆಸ್ಪತ್ರೆಗಿಂತ ಕಷ್ಟವಾದದ್ದು ಮುಂಗಡದ ವಿಷಯ. "ಇದೆಲ್ಲ ನಮ್ಮ ಕೆಲಸವಾ?" ಅಂದರು ಗುತ್ತಿಗೆದಾರರು. ಸರ್ಕಾರದ್ದೇ ಲೆಕ್ಕ ತೋರಿಸಿದೆ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 42,004 ಮಂದಿ ದಿನಗೂಲಿಯವರು. ಅದನ್ನು ನೋಡಿ ಕರಗಿದರೋ, ಸೈಟಿಗೆ ಪೊಲೀಸರು ಬರುತ್ತಾರೆಂದು ಹೆದರಿದರೋ! ಅಂತೂ ಮಳೆ ಮುಗಿಯುವ ತನಕ ಕೂಲಿಯಲ್ಲಿ ಮುಂಗಡ ಹಿಡಿಯುವುದನ್ನು ನಿಲ್ಲಿಸಿದರು. ಅವನು ಸ್ವಲ್ಪ ಉಸಿರಾಡಿದ್ದು ಆಗಲೇ.

14416ರ ಪೋಸ್ಟರ್ ಶೆಡ್ಡಿಗೆ ಅಂಟಿಸಿದ್ದೆವು. ಎರಡೇ ಮಳೆಗೆ ಹೋಯಿತು. ಈಗ ನಳ್ಳಿಯ ಪಕ್ಕದ ಗೋಡೆಯಲ್ಲಿ ಕೆಂಪು ಪೇಂಟಿನಿಂದ ಬರೆಸಿದ್ದೇನೆ, ಹಿಂದಿಯಲ್ಲೂ. ಜಾರ್ಖಂಡಿನವರು ಜಾಸ್ತಿ ಇದ್ದಾರಲ್ಲ.