ಮನಸ್ಸಿನ ಹಿತಕ್ಕಾಗಿ ಚಾಕೊಲೇಟ್: ಯಾವುದನ್ನು, ಯಾವಾಗ, ಹೇಗೆ ತಿನ್ನಬೇಕು

ಚಾಕೊಲೇಟ್ ತಿಂದಾಗ ಮನಸ್ಸು ಹಗುರಾಗುವುದು ನಿಜ, ಆದರೆ ಅದಕ್ಕೆ ಕಾರಣವೆಂದು ಹೆಚ್ಚಾಗಿ ಹೇಳಲಾಗುವ ರಾಸಾಯನಿಕಗಳ ಪಾತ್ರ ಬಹಳ ಚಿಕ್ಕದು. ‘ಪ್ರೇಮದ ರಾಸಾಯನಿಕ’ವೆಂದು ಹೆಸರಾದ ಫಿನೈಲ್‌ಈಥೈಲಮೀನನ್ನು ಕರುಳು ಮತ್ತು ಯಕೃತ್ತಿನಲ್ಲಿರುವ ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವು ಬಹುಬೇಗ ಒಡೆದುಬಿಡುವುದರಿಂದ ಅದು ಮೆದುಳನ್ನು ತಲುಪುವುದು ಅತ್ಯಲ್ಪ. 1996ರಲ್ಲಿ ಚಾಕೊಲೇಟಿನಲ್ಲಿ ಪತ್ತೆಯಾದ, ಮೆದುಳು ತಾನೇ ತಯಾರಿಸುವ ಹಿತಕರ ರಾಸಾಯನಿಕವಾದ ಅನಂದಮೈಡ್‌ನ ಪ್ರಮಾಣವೂ ತೀರ ಕಡಿಮೆ. ಮೆದುಳಿನ ಮೇಲೆ ನೇರವಾಗಿ ಕೆಲಸ ಮಾಡುವಷ್ಟು ಪ್ರಮಾಣದಲ್ಲಿರುವುದು ಕೆಫೀನ್ ಮತ್ತು ಅದನ್ನೇ ಹೋಲುವ, ಕೋಕೋದಲ್ಲಿರುವ ಥಿಯೋಬ್ರೊಮಿನ್. ಆದ್ದರಿಂದ ಆಯ್ಕೆಯನ್ನು ಇವೆರಡರಿಂದಲೇ ಆರಂಭಿಸಬೇಕು.

ಮೊದಲು ಹೊದಿಕೆಯ ಮೇಲಿನ ಕೋಕೋ ಪ್ರಮಾಣವನ್ನು ನೋಡಿ. ಶೇಕಡಾ 70ರಿಂದ 85ರಷ್ಟು ಕೋಕೋ ಇರುವ 100 ಗ್ರಾಂ ಕಪ್ಪು ಚಾಕೊಲೇಟಿನಲ್ಲಿ ಸುಮಾರು 800 ಮಿಲಿಗ್ರಾಂ ಥಿಯೋಬ್ರೊಮಿನ್ ಮತ್ತು 80 ಮಿಲಿಗ್ರಾಂ ಕೆಫೀನ್ ಇರುತ್ತವೆ. ಹಾಲಿನ ಚಾಕೊಲೇಟಿನಲ್ಲಿ ಇವು ಸುಮಾರು ಕಾಲು ಭಾಗದಷ್ಟು. ಕೋಕೋ ಬೆಣ್ಣೆಯಿಂದ ಮಾಡಿದ ಬಿಳಿ ಚಾಕೊಲೇಟಿನಲ್ಲಿ ಬಹುತೇಕ ಇಲ್ಲ. ಕ್ಷಾರದಿಂದ ಸಂಸ್ಕರಿಸಿದ ಕೋಕೋ ಎಂದು ಬರೆದಿದ್ದರೆ, ರಕ್ತನಾಳಗಳನ್ನು ಸಡಿಲಗೊಳಿಸಲು ನೆರವಾಗುವ ಫ್ಲಾವನಾಲ್‌ಗಳು ಅದರಲ್ಲಿ ಬಹಳಷ್ಟು ನಷ್ಟವಾಗಿರುತ್ತವೆ.

ತಿನ್ನುವ ಹೊತ್ತಿಗೆ ನಾನು ಹೆಚ್ಚಿನ ಮಹತ್ವ ಕೊಡುತ್ತೇನೆ. ದಣಿವಿನ ಸಂಕೇತವನ್ನು ಸಾಗಿಸುವ ಅಡೆನೊಸಿನ್ ಮೆದುಳಿನಲ್ಲಿ ಕೂರಬೇಕಾದ ತಾಣಗಳನ್ನು (ಗ್ರಾಹಕಗಳನ್ನು) ಕೆಫೀನ್ ಆಕ್ರಮಿಸಿಕೊಂಡು ಎಚ್ಚರವನ್ನು ಹೆಚ್ಚಿಸುತ್ತದೆ. ಥಿಯೋಬ್ರೊಮಿನ್ ಅದೇ ಕೆಲಸವನ್ನು ಮೆಲ್ಲಗೆ ಮಾಡಿದರೂ ಅದರ ಅರ್ಧ ಭಾಗ ದೇಹದಿಂದ ಹೊರಹೋಗಲು ಏಳು ಗಂಟೆಗೂ ಹೆಚ್ಚು ಬೇಕಾಗಬಹುದು. ಹೀಗಾಗಿ ಬೆಳಗಿನ ನಡುವೆ ಅಥವಾ ಮಧ್ಯಾಹ್ನದ ಊಟದ ಬಳಿಕ ತಿನ್ನುವುದು ಒಳ್ಳೆಯದು. ನಿದ್ರೆ ಕೆಟ್ಟರೆ ಮರುದಿನದ ಮನಸ್ಥಿತಿಯೂ ಕೆಡುತ್ತದೆ.

ಪ್ರಮಾಣ 20 ಗ್ರಾಂ ಸಾಕು. ಕಪ್ಪು ಚಾಕೊಲೇಟಾದರೆ ಅದರಲ್ಲೇ ಸುಮಾರು 120 ಕಿಲೋಕ್ಯಾಲೊರಿ ಇರುತ್ತದೆ. ಅದನ್ನು ಅಗಿದು ನುಂಗದೆ ನಾಲಿಗೆಯ ಮೇಲೆ ಕರಗಲು ಬಿಡಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬಾಯಿಯ ಶಾಖಕ್ಕೇ, ಕರಗುತ್ತದೆ. ಸಿಹಿ, ಕೊಬ್ಬು ಮತ್ತು ಸುವಾಸನೆಗಳು ಒಟ್ಟಿಗೆ ಸಿಕ್ಕಾಗ ಖುಷಿ ಮತ್ತು ಬಯಕೆಗೆ ಸಂಬಂಧಿಸಿದ ಮೆದುಳಿನ ಡೋಪಮಿನ್ ಜಾಲವು ಸ್ಪಂದಿಸುತ್ತದೆ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚಾಕೊಲೇಟಿನ ತೀವ್ರ ಬಯಕೆಯುಳ್ಳವರಿಗೆ ಕೋಕೋ ಪುಡಿಯನ್ನು ಕ್ಯಾಪ್ಸೂಲುಗಳಲ್ಲಿ ತುಂಬಿ ನುಂಗಿಸಿದಾಗ ಆ ಬಯಕೆ ತಣಿಯಲಿಲ್ಲ. ಮನಸ್ಸಿಗೆ ಸಿಗುವ ಹಿತದ ದೊಡ್ಡ ಪಾಲು ರುಚಿಯದೇ ಎಂದು ನಾನು ಒತ್ತಿ ಹೇಳಲು ಇದೇ ಕಾರಣ.

ಖಿನ್ನತೆಗೆ ಚಾಕೊಲೇಟ್ ಚಿಕಿತ್ಸೆಯಲ್ಲ. ವಾರಗಟ್ಟಲೆ ಬೇಸರ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಮೇಲೆ ಹೇಳಿದ ಮೊನೊಅಮೀನ್ ಆಕ್ಸಿಡೇಸ್ ಕಿಣ್ವವನ್ನೇ ತಡೆಯುವ ಖಿನ್ನತೆಯ ಔಷಧಿಗಳನ್ನು ಸೇವಿಸುತ್ತಿರುವವರು ಚಾಕೊಲೇಟನ್ನು ಎಷ್ಟು ತಿನ್ನಬಹುದೆಂದು ಮುಂಚಿತವಾಗಿಯೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.