ಕಣಕ್ಕೆ ಕ್ಯಾಮೆರಾ ಹಾಕಿಸಿದ ಕಥೆ

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿದೆ. ಮನೆ ಮುಂದೆಯೇ ಅಡಿಕೆ ಕಣ. ಕೊಯ್ಲು ಶುರುವಾದರೆ ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿದ ಅಡಿಕೆ ದಿನಗಟ್ಟಲೆ ಅಲ್ಲೇ ಒಣಗುತ್ತಾ ಬಿದ್ದಿರುತ್ತದೆ. ಕ್ವಿಂಟಾಲ್‌ಗೆ ಹತ್ತಾರು ಸಾವಿರ ಬಾಳುವ ಮಾಲು. ಮೊದಲೆಲ್ಲ ಅಪ್ಪ ಕಣದಲ್ಲೇ ಮಂಚ ಹಾಕಿ ಮಲಗುತ್ತಿದ್ದರು. ಅವರಿಗೆ ಮಂಡಿ ನೋವು ಬಂದ ಮೇಲೆ ಕಾವಲು ನನ್ನ ಪಾಲಿಗೆ ಬಂತು. ನಾನು ಮಂಚದ ಬದಲು ಎರಡು ಕ್ಯಾಮೆರಾ ಹಾಕಿಸಿ ಒಳಗೆ ಮಲಗಿದೆ.

ಮೂರೇ ತಿಂಗಳಿಗೆ ಎರಡು ಚೀಲ ಹೋಯಿತು.

ರೆಕಾರ್ಡಿಂಗ್ ತೆಗೆದು ನೋಡಿದರೆ ಕಳ್ಳ ಬಂದಿದ್ದು, ಟಾರ್ಪಾಲ್ ಸರಿಸಿದ್ದು, ಚೀಲ ಹೆಗಲಿಗೆ ಏರಿಸಿದ್ದು ಎಲ್ಲ ಇತ್ತು. ಮುಖ ಮಾತ್ರ ಇರಲಿಲ್ಲ. ಟವೆಲ್ ಸುತ್ತಿದ ಒಂದು ತಲೆ, ಅದರ ಕೆಳಗೆ ಬೂದು ಬಣ್ಣದ ಮಸುಕು. ಅಮ್ಮ ಟಿವಿ ಹತ್ತಿರ ಹೋಗಿ ಬಗ್ಗಿ ನೋಡಿ, "ಇದು ಮನುಷ್ಯನೋ ದೆವ್ವಾನೋ, ನೀನೇ ಹೇಳಪ್ಪ" ಅಂದಳು.

ತಪ್ಪು ನನ್ನದೇ. "ಪೂರ್ತಿ ಕಣ ಒಂದೇ ಕ್ಯಾಮೆರಾದಲ್ಲಿ ಬರುತ್ತೆ" ಅಂತ ಅಂಗಡಿಯವರು ಹೇಳಿದ್ದು ಕೇಳಿ ಖುಷಿಯಾಗಿದ್ದೆ. ಬರುತ್ತದೆ, ಸುಳ್ಳಲ್ಲ. 2.8 ಎಂಎಂ ಲೆನ್ಸ್ ಅಂದರೆ ಅಗಲ ಜಾಸ್ತಿ. ಕಳ್ಳ ನಿಂತಿದ್ದ ಜಾಗ ಕ್ಯಾಮೆರಾದಿಂದ ಸುಮಾರು 12 ಮೀಟರ್. ಅಷ್ಟು ದೂರದಲ್ಲಿ ಆ ಲೆನ್ಸ್ ಹತ್ತಿರ ಹತ್ತಿರ 30 ಮೀಟರ್ ಅಗಲ ನೋಡುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿ. ಅದನ್ನು 30 ಮೀಟರ್‌ಗೆ ಹಂಚಿದರೆ ಮೀಟರ್‌ಗೆ 64. ಮನುಷ್ಯನ ಮುಖದ ಅಗಲ ಒಂದು ಗೇಣೂ ಇಲ್ಲ, ಅದರ ಪಾಲಿಗೆ ಬರೋದು ಹತ್ತು ಚುಕ್ಕಿ! ಮುಖ ನೋಡಿ ಇಂಥವನೇ ಅಂತ ಹೇಳಬೇಕಾದರೆ ಮೀಟರ್‌ಗೆ 250 ಚುಕ್ಕಿ ಬೇಕು ಅನ್ನೋದು ಈ ಕೆಲಸದವರ ಲೆಕ್ಕ. ಈ ಗುಣಾಕಾರ ಭಾಗಾಕಾರವನ್ನು ದುಡ್ಡು ಕೊಡುವ ಮೊದಲೇ ಮಾಡಬೇಕಿತ್ತು, ಅಲ್ವಾ?

ಸರಿ, ಎರಡನೇ ಸಲ ಅಂಗಡಿಗೆ ಹೋಗುವ ಮೊದಲು ಕಣದಲ್ಲಿ ಓಡಾಡಿದೆ. ಚೀಲ ಹೊತ್ತವನು ಎಲ್ಲಿಂದ ಹೊರಗೆ ಹೋಗಬಹುದು? ಎರಡೇ ದಾರಿ. ಒಂದು ಗೇಟು. ಇನ್ನೊಂದು ಹುಲ್ಲಿನ ಬಣವೆ ಪಕ್ಕ, ಅಲ್ಲಿ ಕಾಂಪೌಂಡ್ ಸೊಂಟದೆತ್ತರ. ಈ ಎರಡಕ್ಕೂ 6 ಎಂಎಂ ಲೆನ್ಸ್ ಇರುವ ಕ್ಯಾಮೆರಾ ತಂದೆ. ಅದು ಎಷ್ಟು ದೂರವೋ ಹೆಚ್ಚುಕಮ್ಮಿ ಅಷ್ಟೇ ಅಗಲ ನೋಡುತ್ತದೆ. 7 ಮೀಟರ್ ದೂರದ ಗೇಟಿಗೆ ಇಟ್ಟರೆ ಮೀಟರ್‌ಗೆ 270 ಚುಕ್ಕಿ ಸಿಗುತ್ತದೆ. ಹಳೆಯ ಅಗಲದ ಕ್ಯಾಮೆರಾ ಒಂದನ್ನು ಕಣದ ಮೇಲೆ ಉಳಿಸಿಕೊಂಡೆ. ಯಾರೋ ಬಂದರು ಅಂತ ಹೇಳೋಕೆ ಅದು ಸಾಕು. ಯಾರು ಬಂದರು ಅಂತ ಹೇಳೋದು ಉಳಿದೆರಡು.

ಎತ್ತರವನ್ನೂ ಇಳಿಸಿದೆ. ಕೈಗೆ ಸಿಗಬಾರದು ಅಂತ ಮೊದಲು 14 ಅಡಿ ಮೇಲೆ ಹೊಡೆಸಿದ್ದೆ, ಅಷ್ಟು ಮೇಲಿಂದ ಹತ್ತಿರ ಬಂದವನ ಮುಖಕ್ಕಿಂತ ತಲೆಯೇ ಹೆಚ್ಚು ಕಾಣುತ್ತದೆ. ಈಗ ಎಂಟೂವರೆ ಅಡಿ.

ಇನ್ನು ಬೆಳಕು. ಕಳ್ಳತನ ಆದ ರಾತ್ರಿ ಕಣದ ಫ್ಲಡ್ ಲೈಟ್ ಆರಿತ್ತು. ಹುಳ ಮುತ್ತುತ್ತವೆ ಅಂತ ಅಮ್ಮ ದಿನಾ ಆರಿಸುತ್ತಿದ್ದಳಂತೆ. ಕ್ಯಾಮೆರಾದಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇರುತ್ತದಲ್ಲ, ಅದರ ಮೇಲೆ ನಾನು ಭಾರ ಹಾಕಿದ್ದೆ. ಡಬ್ಬದ ಮೇಲೆ 20 ಮೀಟರ್ ಅಂತ ಬರೆದಿದ್ದರೂ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬಣ್ಣವೂ ತಿಳಿಯುವುದಿಲ್ಲ. ಎಷ್ಟೋ ಸಲ ಕಪ್ಪು ಟೆರಿಕಾಟ್ ಅಂಗಿ ಬೆಳ್ಳಗೆ ಕಾಣುತ್ತದೆ.

ಅದರ ಜೊತೆ ಜೇಡ ಬೇರೆ. ಒಂದು ರಾತ್ರಿ ಪರದೆ ತುಂಬ ಬಿಳಿ ಹಗ್ಗ ಅಲ್ಲಾಡುತ್ತಿತ್ತು. ಟಾರ್ಚ್ ಹಿಡಿದು ಏಣಿ ಹತ್ತಿದರೆ ಲೆನ್ಸ್ ಮುಂದೆ ಕೂದಲಿಗಿಂತ ಸಣ್ಣ ಒಂದೇ ಎಳೆ ಬಲೆ. ಮಂಜಿನ ಹನಿ ಕೂತು ತೂಗುತ್ತಿತ್ತು. ಕ್ಯಾಮೆರಾ ಹತ್ತಿರ ಸಣ್ಣ ಹುಳ ಬರುತ್ತವೆ, ಹುಳ ತಿನ್ನೋಕೆ ಜೇಡ ಬರುತ್ತದೆ, ಆ ಎಳೆ ಇನ್‌ಫ್ರಾರೆಡ್ ಬೆಳಕನ್ನೆಲ್ಲ ವಾಪಸ್ ಲೆನ್ಸಿಗೇ ಎಸೆಯುತ್ತದೆ.

ಹಾಗಾಗಿ ಗೇಟಿಗೊಂದು, ಬಣವೆ ಕಡೆಗೊಂದು 9 ವ್ಯಾಟ್‌ನ ಹಳದಿ ಬಲ್ಬ್ ಹಾಕಿದೆ, ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್‌ದು. ಬೆಳ್ಳನೆಯ ಬೆಳಕಿಗೆ ಮುತ್ತುವಷ್ಟು ಹುಳ ಹಳದಿಗೆ ಮುತ್ತುವುದಿಲ್ಲ, ಅಮ್ಮನೂ ಆರಿಸುವುದಿಲ್ಲ. ಎರಡೂ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ ಆರೂವರೆ ಯೂನಿಟ್. ಬಲ್ಬ್ ಕ್ಯಾಮೆರಾದ ಕಡೆಯೇ ಇರಬೇಕು. ಎದುರಿನಿಂದ ಲೆನ್ಸಿಗೆ ಹೊಡೆದರೆ ಬಂದವನು ಬರೀ ಕಪ್ಪು ನೆರಳಾಗುತ್ತಾನೆ. ಈಗ ಗೇಟಿನ ಚಿತ್ರ ರಾತ್ರಿಯೂ ಬಣ್ಣದಲ್ಲೇ ಬರುತ್ತದೆ, ಅಲ್ಲಿ ಇನ್‌ಫ್ರಾರೆಡ್ ಆಫ್ ಮಾಡಿದ್ದೇನೆ. ಆದರೂ ವಾರಕ್ಕೊಮ್ಮೆ ಪೊರಕೆ ಆಡಿಸುತ್ತೇನೆ.

ಬಣವೆ ಹತ್ತಿರ ಒಂದು ಸೆನ್ಸರ್ ಲೈಟೂ ಇದೆ. ಅದು ಮೈಯ ಬಿಸಿ ಅಲ್ಲಾಡಿದ್ದನ್ನು ಹಿಡಿಯುತ್ತದೆ. ಎದುರಿಗೆ ನೇರ ನಡೆದು ಬಂದರೆ ತಡವಾಗಿ ಹತ್ತುತ್ತದೆ, ಅಡ್ಡ ಹಾದರೆ ತಕ್ಷಣ. ನಾನು ಮೊದಲು ದಾರಿಗೆ ನೇರ ಇಟ್ಟು, ಆಮೇಲೆ ಪಕ್ಕದ ಗೋಡೆಗೆ ಬದಲಿಸಿದೆ. ನಾಯಿ ಓಡಾಡಿದಾಗಲೆಲ್ಲ ಹತ್ತಿ ತಲೆನೋವಾಗಿತ್ತು. ತುಸು ಮೇಲಕ್ಕೆ ತಿರುಗಿಸಿದ ಮೇಲೆ ಕಡಿಮೆಯಾಗಿದೆ. ಏಪ್ರಿಲ್ ಸೆಕೆಯಲ್ಲಿ ನೆಲವೇ ಮೈಯಷ್ಟು ಬಿಸಿ ಇರುವಾಗ ಅದು ಅಷ್ಟಾಗಿ ಕೆಲಸ ಮಾಡಲ್ಲ. ಆಗ ಕಣದಲ್ಲಿ ಅಡಿಕೆಯೂ ಇರಲ್ಲ ಬಿಡಿ.

ವೈಫೈ ಬೇಡ ಅಂದೆ. ನಮ್ಮದು ಎರಡಡಿ ದಪ್ಪದ ಮಣ್ಣಿನ ಗೋಡೆ, ಸಿಗ್ನಲ್ ಸರಿಯಾಗಿ ದಾಟಲ್ಲ. ಕರೆಂಟ್, ಚಿತ್ರ ಎರಡೂ ಒಂದೇ ಕೇಬಲ್‌ನಲ್ಲಿ ಹೋಗುವ ಪಿಒಇ ಹಾಕಿಸಿದೆ. 100 ಮೀಟರ್ ತನಕ ಎಳೆಯಬಹುದು. ಕೇಬಲ್‌ಗೆ ಪೈಪ್ ಹಾಕಲೇಬೇಕು, ನಮ್ಮ ಅಳಿಲುಗಳು ಏನನ್ನೂ ಬಿಡುವುದಿಲ್ಲ. ರೆಕಾರ್ಡರ್, ರೂಟರ್ ಎಲ್ಲ ಈಗ ಇನ್ವರ್ಟರ್ ಲೈನಿನಲ್ಲಿವೆ. ಮೊದಲು ಕರೆಂಟ್ ಹೋದರೆ ಕ್ಯಾಮೆರಾವೂ ಮಲಗುತ್ತಿತ್ತು.

ರೆಕಾರ್ಡಿಂಗ್ ಉಳಿಯುವ ಹಾರ್ಡ್ ಡಿಸ್ಕ್ 1 ಟಿಬಿ, ಅಂದರೆ ಸುಮಾರು ಸಾವಿರ ಜಿಬಿ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನಕ್ಕೆ ಸುಮಾರು 22 ಜಿಬಿ ತಿನ್ನುತ್ತದೆ. ಮೂರಕ್ಕೆ ಎರಡು ವಾರ ಬರುತ್ತದೆ. ಕಮ್ಮಿ ಆದರೆ ಕಷ್ಟ, ನಮಗೆ ಚೀಲ ಹೋಗಿದ್ದು ಗೊತ್ತಾಗಿದ್ದೇ ನಾಲ್ಕು ದಿನದ ಮೇಲೆ.

ದಾವಣಗೆರೆಯ ಒಂದು ಅಂಗಡಿಯಲ್ಲಿ ಹಳೇ ಸ್ಟಾಕ್ ಅರ್ಧ ಬೆಲೆಗೆ ಕೊಡ್ತೀವಿ ಅಂದರು. 2025ರ ಏಪ್ರಿಲ್‌ನಿಂದ ಕ್ಯಾಮೆರಾಗಳಿಗೆ ಸರ್ಕಾರದ ಸೆಕ್ಯುರಿಟಿ ಪರೀಕ್ಷೆ ಕಡ್ಡಾಯವಾಗಿದೆ, ಹಾಗಾಗಿ ಬೇಡ ಅಂದು ಹೊಸದೇ ತಂದೆ. ಪಾಸ್‌ವರ್ಡ್ ಅವತ್ತೇ ಬದಲಿಸಿದೆ.

ಒಂದು ಎಡವಟ್ಟು ಆಯಿತು. ಪಕ್ಕದ ಮನೆ ಚಿಕ್ಕಮ್ಮ ಬಂದು, "ನಮ್ಮ ಹೆಣ್ಮಕ್ಕಳು ಬಚ್ಚಲಿಗೆ ಹೋಗೋ ದಾರಿ ಕಣೋ ಅದು" ಅಂದರು. ಬಣವೆ ಕ್ಯಾಮೆರಾದ ಮೂಲೆಯಲ್ಲಿ ಅವರ ಹಿತ್ತಲು ಕಾಣುತ್ತಿತ್ತು. ಸೆಟ್ಟಿಂಗ್‌ನಲ್ಲಿ ಆ ಮೂಲೆಗೆ ಕಪ್ಪು ಚೌಕ ಬಳಿದು, ಅವರಿಗೇ ಫೋನಿನಲ್ಲಿ ತೋರಿಸಿದೆ.

ಎಲ್ಲ ಮುಗಿದ ಮೇಲೆ ನಾನೇ ಟವೆಲ್ ಸುತ್ತಿ, ಹೊಟ್ಟಿನ ಚೀಲ ಹೊತ್ತು ರಾತ್ರಿ ಗೇಟಿಂದ ನಡೆದೆ. ಒಳಗಿಂದ ಅಮ್ಮ ಕೂಗಿದಳು: "ಗಡ್ಡ ಎಷ್ಟು ಬಿಟ್ಟಿದೀಯೋ, ನಾಳೆ ಬೋಳಿಸ್ಕೊ!"

ಅಪ್ಪನಿಗೆ ಮಾತ್ರ ನಂಬಿಕೆ ಇಲ್ಲ. ಈ ಕೊಯ್ಲಿಗೂ ಕಣದಲ್ಲಿ ಮಂಚ ಹಾಕಿದರು. ಎರಡನೇ ರಾತ್ರಿ, ನಿನ್ನ ಬಲ್ಬಿನ ಬೆಳಕಿಗೆ ನಿದ್ದೆ ಬರಲ್ಲ ಅಂತ ಬೈಯುತ್ತಾ ಚಾಪೆ ಸುತ್ತಿಕೊಂಡು ಒಳಗೆ ಬಂದರು.