ಎಣ್ಣೆ ಉಪ್ಪಿನಕಾಯಿ ಡಬ್ಬಿ ಕೊನೆಗೂ ಸೋರಲಿಲ್ಲ: ನನ್ನ ಅನುಭವ

ಹೋದ ಜುಲೈಯಲ್ಲಿ ಶಿರಸಿಯಿಂದ ಬೆಂಗಳೂರಿಗೆ 240 ಡಬ್ಬಿ ಎಣ್ಣೆ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದೆ. ಒಂದೂ ಸೋರಲಿಲ್ಲ. ಒಂದಕ್ಕೂ ಬೂಷ್ಟು ಹಿಡಿಯಲಿಲ್ಲ. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ಕಲಬುರಗಿಗೆ ಹೋದ 100 ಡಬ್ಬಿಗಳೂ ಹಾಗೇ ಮುಟ್ಟಿದವು. ನಮ್ಮ ಮಳೆ, ಅಲ್ಲಿನ ಬಿಸಿಲು ಎರಡನ್ನೂ ಒಂದೇ ಡಬ್ಬಿ ತಡೆಯಿತು ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾಲ್ಕು ವರ್ಷ ಹಿಡಿಯಿತು.

ಯಾರೂ ನಂಬಿರಲಿಲ್ಲ. ಹುಬ್ಬಳ್ಳಿಯ ಡಬ್ಬಿ ಅಂಗಡಿಯವರು, "ಅಕ್ಕಾರ, ಎಣ್ಣಿ ಮಾಲು ಸೋರೂದ ಬಿಡ್ರಿ. ಮ್ಯಾಲೆ ಪ್ಲಾಸ್ಟಿಕ್ ಸುತ್ತಿ ಕಳಸ್ರಿ" ಅಂದಿದ್ದರು. ನಮ್ಮ ಅತ್ತೆ ಇನ್ನೂ ಖಾರವಾಗಿ, "ಭರಣಿಲಿ ಇಟ್ಟಿದ್ದು ಮನೆಗೆ, ಡಬ್ಬಿಲಿ ಇಟ್ಟಿದ್ದು ತಿಪ್ಪೆಗೆ" ಅಂದಿದ್ದರು.

ಮೊದಲ ವರ್ಷ ಗಾಜಿನ ಬಾಟಲಿ, ತಗಡಿನ ಮುಚ್ಚಳ. ಬಾಟಲಿಗೆ 13 ರೂಪಾಯಿ, ಮುಚ್ಚಳಕ್ಕೆ ಮೂರು ಮೂರೂವರೆ. ಉಪ್ಪು ಹುಳಿಗೆ ಮುಚ್ಚಳದ ಅಂಚು ಎರಡೇ ತಿಂಗಳಿಗೆ ತುಕ್ಕು ಹಿಡಿಯಿತು. ಒಳಗಿನ ಮೆತ್ತನೆ ಪಟ್ಟಿ ಎಣ್ಣೆ ಕುಡಿದು ಉಬ್ಬಿ, ಹಿಡಿತ ಬಿಟ್ಟಿತು. ಎಣ್ಣೆ ಪದಾರ್ಥಕ್ಕೆ ಬೇರೆ ಪಟ್ಟಿಯ ಮುಚ್ಚಳ ಬರುತ್ತದೆ ಅಂತ ಆಗ ನನಗೆ ಯಾರೂ ಹೇಳಲಿಲ್ಲ. 200ರಲ್ಲಿ ಮೂವತ್ತು ಬಾಟಲಿ ದಾರಿಯಲ್ಲೇ ಒಡೆದವು.

ಎರಡನೇ ವರ್ಷ ಪೆಟ್ ಡಬ್ಬಿಗೆ, ಅಂದರೆ ನೀರಿನ ಬಾಟಲಿಯಂಥ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಬಂದೆ. ಒಗ್ಗರಣೆ ಎಣ್ಣೆ ಬಿಸಿ ಇರುವಾಗಲೇ ಸುರಿದೆ, ಬಿಸಿ ಇದ್ದರೆ ಒಳ್ಳೆಯದು ಅಂತ. 70 ಡಿಗ್ರಿ ದಾಟಿದರೆ ಪೆಟ್ ಮೆತ್ತಗಾಗುತ್ತದೆ. 150 ಡಬ್ಬಿಗಳ ಕತ್ತು ಸೊಟ್ಟಗಾಗಿ ಮುಚ್ಚಳವೇ ಕೂರಲಿಲ್ಲ. ಕೂತದ್ದರಲ್ಲಿ ಮುಚ್ಚಳದೊಳಗೆ ಹಬೆ ಬೆವರಿ, ಹನಿ ಕೆಳಗೆ ಬಿದ್ದು ಹೋಳಿನ ಮೇಲೆ ಕೂತಿತು. ಹನ್ನೆರಡನೇ ದಿನಕ್ಕೆ ಬಿಳಿ ಚುಕ್ಕೆ.

ಮೂರನೇ ವರ್ಷ ಇಂಡಕ್ಷನ್ ಸೀಲಿಂಗ್ ಮೆಷಿನ್ ತಂದೆ, ಮುಚ್ಚಳದೊಳಗಿನ ಫಾಯಿಲ್ ಕಾಯಿಸಿ ಡಬ್ಬಿಯ ಬಾಯಿಗೆ ಅಂಟಿಸುವುದು. ಕೈಯಲ್ಲಿ ಹಿಡಿಯುವಂಥದ್ದು, ಆರು ಸಾವಿರದ ಚಿಲ್ಲರೆ. ಸೀಲ್ ಕೂತ ಹಾಗೆ ಕಾಣುತ್ತಿತ್ತು, ಉಗುರು ಹಾಕಿದರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ತಿಂಗಳುಗಟ್ಟಲೆ ಮೆಷಿನ್ ಮೇಲೇ ಅನುಮಾನಪಟ್ಟೆ. ಮುಚ್ಚಳದೊಳಗೆ ಕೂರುವ, ರಟ್ಟಿಗೆ ಮೇಣದಿಂದ ಫಾಯಿಲ್ ಅಂಟಿಸಿದ ಪದರಕ್ಕೆ ವ್ಯಾಡ್ ಅನ್ನುತ್ತಾರೆ. ಕೊನೆಗೆ ಗೊತ್ತಾಯಿತು, ಅಂಗಡಿಯಲ್ಲಿ ಕೊಟ್ಟ ವ್ಯಾಡ್ ಎಚ್‌ಡಿಪಿಇ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್ ಡಬ್ಬಿಯದು. ಪೆಟ್‌ಗೆ ಅದು ಅಂಟುವುದೇ ಇಲ್ಲ. ವ್ಯಾಡ್ ಕೊಳ್ಳುವಾಗ ಖಾಲಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಲ್ಲೇ ಒಂದನ್ನು ಸೀಲ್ ಮಾಡಿಸಿ ನೋಡಿ. ಅರವತ್ತು ಪೈಸೆಯ ವ್ಯಾಡ್ ನನಗೆ ಒಂದಿಡೀ ಸೀಸನ್ ನುಂಗಿತು. ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಸರಿಯಾದ ವ್ಯಾಡ್ ಬಂದ ಮೇಲೂ ಹತ್ತರಲ್ಲಿ ಎರಡು ಸೋರುತ್ತಿದ್ದವು. ಕಾರಣ ಎರಡು. ಒಂದು, ಡಬ್ಬಿಯ ಬಾಯಂಚಿನ ಎಣ್ಣೆ. ಬೆರಳಚ್ಚಿನಷ್ಟು ಎಣ್ಣೆ ಇದ್ದರೂ ಆ ಜಾಗದಲ್ಲಿ ಸೀಲ್ ಹಿಡಿಯುವುದಿಲ್ಲ. ಒರೆಸಿ ಒರೆಸಿ ಸಾಕಾಯಿತು. ಈಗ ಉದ್ದ ಕೊಳವೆಯ ಆಲಿಕೆ ಮಾಡಿಸಿಕೊಂಡಿದ್ದೇನೆ. ಅದರ ತುದಿ ಡಬ್ಬಿಯ ಹೊಟ್ಟೆವರೆಗೂ ಇಳಿಯುತ್ತದೆ, ಬಾಯಿಗೆ ಎಣ್ಣೆ ತಾಗುವುದೇ ಇಲ್ಲ.

ಇನ್ನೊಂದು ಕಾರಣ ಖಾಲಿ ಜಾಗ. ಗ್ರಾಹಕರಿಗೆ ಡಬ್ಬಿ ತುಂಬಿದ ಹಾಗೆ ಕಾಣಲಿ ಅಂತ ಕತ್ತಿನವರೆಗೆ ತುಂಬುತ್ತಿದ್ದೆ. ಎಣ್ಣೆ ಹತ್ತು ಡಿಗ್ರಿ ಬಿಸಿಯಾದರೆ ಲೀಟರಿಗೆ ಸುಮಾರು 7 ಮಿಲಿ ಹಿಗ್ಗುತ್ತದೆ. ಬೇಸಿಗೆಯ ಲಾರಿಯಲ್ಲಿ ಡಬ್ಬಿ ಎಷ್ಟು ಕಾಯುತ್ತದೆ ಯೋಚಿಸಿ. ಮೇಲೆ ಐದಾರು ಮಿಲಿ ಗಾಳಿ ಇದ್ದರೆ ಅದು ಅರ್ಧಕ್ಕೆ ಕುಗ್ಗಿ, ಒತ್ತಡಕ್ಕೆ ಎಣ್ಣೆ ಸಿಕ್ಕ ಸಂದಿಯಲ್ಲಿ ಹೊರಗೆ ಬರುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ. ಎಣ್ಣೆ ಇಳಿದು ಹೋಳು ಮೇಲೆ ಕಾಣಿಸಿತೋ, ಅದರ ಉಪ್ಪು ಮಳೆಗಾಲದ ಗಾಳಿಯಿಂದ ನೀರು ಎಳೆಯುತ್ತದೆ. ಅಲ್ಲೇ ಬೂಷ್ಟು. ನಾವೆಲ್ಲ ಸೋರುವುದು ಒಂದು ತೊಂದರೆ, ಬೂಷ್ಟು ಇನ್ನೊಂದು ತೊಂದರೆ ಅಂದುಕೊಂಡಿದ್ದೆವು ಅಲ್ವಾ? ಎರಡಕ್ಕೂ ತೂತು ಒಂದೇ.

ಈಗ 350 ಮಿಲಿ ಡಬ್ಬಿಯಲ್ಲಿ 25 ಮಿಲಿಯಷ್ಟು ಜಾಗ ಬಿಡುತ್ತೇನೆ. ಹೋಳಿನ ಮೇಲೆ ಎಣ್ಣೆ ಅರ್ಧ ಸೆಂಟಿಮೀಟರ್ ನಿಲ್ಲಬೇಕು, ಇಲ್ಲವೇ ಎಣ್ಣೆ ಶೇಕಡಾ ಹತ್ತಾದರೂ ಇರಬೇಕು ಅಂತ ನಿಯಮ ಇದೆ, ನಾನು ಒಂದು ಸೆಂಟಿಮೀಟರ್ ನಿಲ್ಲಿಸುತ್ತೇನೆ. ಹೋಳು ತೇಲಿ ಮೇಲೆ ಬರದಂತೆ ಒಳಗೆ ಒಂದು ತೂತಿನ ಬಿಲ್ಲೆ ಕೂರಿಸುತ್ತೇನೆ. ಅದನ್ನು ಯಾವುದರಿಂದ ಮಾಡಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಎಣ್ಣೆ ಪೂರ್ತಿ ಆರಿದ ಮೇಲೇ ತುಂಬುವುದು. ಮಳೆಗಾಲದಲ್ಲಿ ಡಬ್ಬಿ, ಮುಚ್ಚಳ, ವ್ಯಾಡ್ ಎಲ್ಲವನ್ನೂ ಹಿಂದಿನ ದಿನವೇ ಒಲೆಯ ಕೋಣೆಯಲ್ಲಿ ಇಟ್ಟು ಬೆಚ್ಚಗೆ ಒಣಗಿಸುತ್ತೇನೆ, ತುಂಬುವುದೂ ಅಲ್ಲೇ.

ಮುಚ್ಚಳವನ್ನು ಎರಡು ಸಲ ಬಿಗಿ ಮಾಡಬೇಕು. ಸೀಲ್ ಮಾಡುವಾಗ ವ್ಯಾಡ್‌ನ ಮೇಣ ಕರಗಿ ರಟ್ಟಿಗೆ ಇಳಿಯುತ್ತದೆ, ಆಗ ಮುಚ್ಚಳ ಸಡಿಲವಾಗುತ್ತದೆ. ಡಬ್ಬಿ ಆರಿದ ಮೇಲೆ ಇನ್ನೊಮ್ಮೆ ತಿರುಗಿಸಿ. ಇದನ್ನು ತುಂಬಾ ಜನ ಮಾಡುವುದಿಲ್ಲ.

ಪರೀಕ್ಷೆ ಸುಲಭ. ಪ್ರತಿ ಇಪ್ಪತ್ತರಲ್ಲಿ ಒಂದು ಡಬ್ಬಿಯನ್ನು 50 ಡಿಗ್ರಿ ಆಸುಪಾಸಿನ ನೀರಲ್ಲಿ ಮುಳುಗಿಸಿ ಹಿಡಿಯುತ್ತೇನೆ. ಮುಚ್ಚಳದ ಬಳಿ ಗುಳ್ಳೆ ಬಂದರೆ ಆ ಸಾಲಿನ ಡಬ್ಬಿಗಳನ್ನೆಲ್ಲ ಮತ್ತೆ ನೋಡುತ್ತೇನೆ. ಇನ್ನು ಕೆಲವನ್ನು ಹಳೇ ಪೇಪರಿನ ಮೇಲೆ ಒಂದಿಡೀ ದಿನ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಎಣ್ಣೆಯ ಕಲೆ ಸುಳ್ಳು ಹೇಳುವುದಿಲ್ಲ.

ನಡುವೆ ಸುಮ್ನೆ ಬೇರೆ ಬೇರೆ ಪ್ರಯತ್ನಗಳನ್ನೂ ಮಾಡಿದೆ. ಮುಚ್ಚಳದ ಸುತ್ತ ಜೇನುಮೇಣ ಸವರಿದೆ. ಮಳೆಗಾಲಕ್ಕೆ ಚೆನ್ನಾಗಿ ನಿಂತಿತು, ಬೇಸಿಗೆಯಲ್ಲಿ ಮೆತ್ತಗಾಗಿ ಲೇಬಲ್ ತುಂಬಾ ಮೆತ್ತಿಕೊಂಡಿತು. ಸಿಲಿಕಾ ಜೆಲ್ ಚೀಟಿ ಮುಚ್ಚಳದೊಳಗೆ ಅಂಟಿಸಿದೆ. ಲಾರಿಯ ಕುಲುಕಾಟಕ್ಕೆ ಎಣ್ಣೆ ಹಾರಿ ಚೀಟಿ ನೆಂದು ಹೋಯಿತು, ಆಮೇಲೆ ಅದು ಪ್ರಯೋಜನಕ್ಕಿಲ್ಲ. ಅತ್ತೆ ಭರಣಿಗೆ ಹಾಕುವ ಇಂಗಿನ ಹೊಗೆಯನ್ನು ಗಾಜಿನ ಬಾಟಲಿಗೂ ಹಾಕಿ ನೋಡಿದೆ. ಪರಿಮಳ ತೆರೆದ ಕೂಡಲೇ ಮೂಗಿಗೆ ಬರುತ್ತಿತ್ತು. ಎರಡು ಬಾಟಲಿ ಕೆಂಡದ ಬಿಸಿಗೆ ಸೀಳು ಬಿಟ್ಟವು. ಇದನ್ನು ನಾನು ಪೂರ್ತಿ ಬಿಟ್ಟಿಲ್ಲ.

ಖರ್ಚು ಹೇಳುವುದಾದರೆ ಡಬ್ಬಿ, ಮುಚ್ಚಳ, ವ್ಯಾಡ್, ಬಿಲ್ಲೆ ಎಲ್ಲ ಸೇರಿ ಒಂದಕ್ಕೆ 11 ರೂಪಾಯಿ ಆಸುಪಾಸು. ಗಾಜಿಗಿಂತ ಕಡಿಮೆ, ಒಡೆಯುವ ಭಯವೂ ಇಲ್ಲ. ರಟ್ಟಿನ ಪೆಟ್ಟಿಗೆಗೆ ಮಾತ್ರ ಕಂಜೂಸಿ ಮಾಡಬೇಡಿ. ಮಳೆಯಲ್ಲಿ ತೆಳು ರಟ್ಟು ತೇವ ಕುಡಿದು ಕುಸಿಯುತ್ತದೆ, ಕೆಳಗಿನ ಸಾಲಿನ ಡಬ್ಬಿಗಳ ಮೇಲೆ ಭಾರ ಬೀಳುತ್ತದೆ.

ಹದಿನಾಲ್ಕು ತಿಂಗಳು ಅಟ್ಟದ ಮೇಲೆ ಇಟ್ಟಿದ್ದ ಒಂದು ಡಬ್ಬಿಯನ್ನು ಮೊನ್ನೆ ಅತ್ತೆಯ ಕೈಯಲ್ಲೇ ತೆರೆಸಿದೆ. ಅವರು ಮೂಸಿದರು, ಒಂದು ಹೋಳು ಬಾಯಿಗೆ ಹಾಕಿಕೊಂಡರು. "ನಿಂಬೆಹಣ್ಣಿಂದು ಯಾವಾಗ ಮಾಡ್ತೆ?" ಅಂತ ಕೇಳಿದರು. ನಿಂಬೆಗೆ ಇದೇ ಡಬ್ಬಿ ಸಾಲುತ್ತಿಲ್ಲ. ನನ್ನ ಹದದಲ್ಲಿ ಅದು ಒಳಗೇ ಹುಳಿ ಬಂದು ಗಾಳಿ ಬಿಡುತ್ತದೆ, ಸೀಲ್ ಉಬ್ಬುತ್ತದೆ. ಸದ್ಯ ಹನ್ನೆರಡು ಡಬ್ಬಿ ಒಲೆಯ ಹತ್ತಿರ ಇಟ್ಟು ದಿನಾ ನೋಡುತ್ತಿದ್ದೇನೆ.